ದುಂಡು ಭೂಮಿಗೆ ತಟ್ಟೆಯ ಅಪವಾದ

1543ರಲ್ಲಿ ಅಚ್ಚಾದ ಕೊಪರ್ನಿಕಸ್‌ನ ಗ್ರಂಥ ಹೆಸರಾಗಿರುವುದು ಸೂರ್ಯನನ್ನು ನಡುವೆ ಕೂರಿಸಿದ್ದಕ್ಕೆ. ಆದರೆ ಅದರ ಮೊದಲ ಭಾಗದಲ್ಲಿ, ಭೂಮಿಯ ಆಕಾರವನ್ನು ಕುರಿತ ಪುಟ್ಟ ಅಧ್ಯಾಯದ ತುದಿಯಲ್ಲಿ, ಹೆಚ್ಚು ಜನ ಗಮನಿಸದ ಒಂದು ಪಟ್ಟಿ ಇದೆ. ಹಳೆಯ ಗ್ರೀಕ್ ದಾರ್ಶನಿಕರು ಭೂಮಿಗೆ ತೊಡಿಸಿದ್ದ ವಿಶೇಷಣಗಳನ್ನು ಅವನು ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ತಳ್ಳಿಹಾಕುತ್ತಾನೆ: ಅನಾಕ್ಸಿಮಿನೀಸ್‌ನ ಚಪ್ಪಟೆ, ಲ್ಯೂಸಿಪ್ಪಸ್‌ನ ತಮಟೆಯಾಕಾರ, ಹೆರಾಕ್ಲೀಟಸ್‌ನ ದೋಣಿಯಾಕಾರ, ಡೆಮಾಕ್ರಿಟಸ್‌ನ ಕುಳಿಬಿದ್ದ ಆಕಾರ, ಅನಾಕ್ಸಿಮ್ಯಾಂಡರ್‌ನ ಉರುಳೆ. ಈ ಸಾಲಿನಿಂದ ಒಂದು ಪದ ಉದುರಿಹೋಗಿದೆ. ದಾರ್ಶನಿಕರ ಅಭಿಪ್ರಾಯಗಳನ್ನು ಒಟ್ಟುಗೂಡಿಸಿದ ಪ್ರಾಚೀನ ಸಂಗ್ರಹದ ಪ್ರಕಾರ ಡೆಮಾಕ್ರಿಟಸ್‌ನ ಭೂಮಿಗೆ ನಡುವೆ ಕುಳಿಯಷ್ಟೇ ಅಲ್ಲ, ಅಗಲದಲ್ಲಿ ಅದು ‘ದಿಸ್ಕೊಎಯ್ದೆಸ್’, ಅಂದರೆ ಬಿಲ್ಲೆಯಂಥದ್ದು. ಅದೇ ಸಂಗ್ರಹ ಎಂಪೆಡೊಕ್ಲೀಸ್‌ನ ಚಂದ್ರನಿಗೂ ಇದೇ ಪದವನ್ನು ಅಂಟಿಸುತ್ತದೆ.

ಈ ಗುಣವಾಚಕದ ಸಂತತಿ ಯುರೋಪಿನ ತುಂಬ ಹರಡಿದೆ. ಫ್ರೆಂಚರ ದಿಸ್ಕೊಯಿದ್, ಇಟಲಿಯವರ ದಿಸ್ಕೊಯಿದಾಲೆ, ಸ್ಪೇನಿನವರ ದಿಸ್ಕೊಯ್ದಾಲ್, ಇಂಗ್ಲಿಷಿನ ಡಿಸ್ಕಾಯ್ಡ್, ಎಲ್ಲವೂ ಅದರ ಮೊಮ್ಮಕ್ಕಳು. ಇಂದು ಇವು ಹೆಚ್ಚಾಗಿ ಬದುಕಿರುವುದು ವೈದ್ಯರ ಮತ್ತು ಸಸ್ಯಶಾಸ್ತ್ರಜ್ಞರ ಬಾಯಲ್ಲಿ. ಚರ್ಮದ ಒಂದು ಕಾಯಿಲೆಗೆ ಡಿಸ್ಕಾಯ್ಡ್ ಲೂಪಸ್ ಎಂಬ ಹೆಸರಿದೆ. ಜರ್ಮನರು ಗ್ರೀಕ್ ಪದ ಬಿಟ್ಟು ತಮ್ಮದೇ ‘ಶೈಬೆ’ಯಿಂದ ‘ಶೈಬೆನ್‌ಫ಼ೊರ್ಮಿಶ್’ ಎಂದು ಕಟ್ಟಿಕೊಂಡರು. ಶೈಬೆ ಎಂದರೆ ಬ್ರೆಡ್ಡಿನ ಹೋಳೂ ಹೌದು, ಕುಂಬಾರನ ಚಕ್ರವೂ ಹೌದು, ಕಿಟಕಿಯ ಗಾಜೂ ಹೌದು. ರಷ್ಯನ್ನರು ಗ್ರೀಕ್ ತಲೆಗೆ ಸ್ಲಾವಿಕ್ ಬಾಲ ಜೋಡಿಸಿ ‘ದಿಸ್ಕೊಒಬ್ರಾಜ್ನಿ’ ಎಂದರು.

ಮೂಲದ ‘ದಿಸ್ಕೋಸ್’ ಮಾತ್ರ ಇಷ್ಟು ಒಣಗಿರಲಿಲ್ಲ. ಮೊದಲು ಅದು ಆಟದ ಬಯಲಿನಲ್ಲಿ ಎಸೆಯುವ ಚಕ್ರ. ಲ್ಯಾಟಿನ್‌ಗೆ ಬಂದು ಊಟದ ತಟ್ಟೆಯಾಯಿತು. ಅಲ್ಲಿಂದ ಇಂಗ್ಲಿಷಿನ ಡಿಶ್ ಮತ್ತು ಡೆಸ್ಕ್, ಜರ್ಮನಿನ ಮೇಜು ‘ಟಿಶ್’, ಇಟಲಿಯ ‘ದೆಸ್ಕೊ’ ಹುಟ್ಟಿದವು. ಲ್ಯಾಟಿನ್ ಬೈಬಲ್ಲಿನಲ್ಲಿ ಸ್ನಾನಿಕ ಯೋಹಾನನ ತಲೆಯನ್ನು ಹೆರೋದನ ಮುಂದೆ ಹುಡುಗಿ ಕೇಳುವುದು ಈ ‘ದಿಸ್ಕುಸ್’ನಲ್ಲೇ. ಆರ್ಥಡಾಕ್ಸ್ ಚರ್ಚುಗಳಲ್ಲಿ ಪ್ರಭುಭೋಜನದ ರೊಟ್ಟಿಯನ್ನು ಇಡುವ ತಟ್ಟೆಗೆ ಇಂದಿಗೂ ಹೆಸರು ದಿಸ್ಕೋಸ್. ಕ್ರೈಸ್ತರಿಗೆ ಈ ಪದ ಪೂಜಾಪೀಠದ ಮೇಲೆ ದಿನವೂ ಕಾಣುವಂಥದ್ದು. ಅವರು ಭೂಮಿಯನ್ನೂ ತಟ್ಟೆ ಎಂದು ನಂಬಿದ್ದರು ಎಂಬ ಆರೋಪ ಅವರ ಮೇಲೆ ಬಂತಲ್ಲ, ಅದು ಎಷ್ಟು ನಿಜ?

ಬಿಲ್ಲೆ ಮೂಢರ ಕಲ್ಪನೆಯಲ್ಲ ಎಂಬುದನ್ನು ಮೊದಲು ಹೇಳಬೇಕು. ಅದೊಂದು ಗಟ್ಟಿ ಪ್ರಶ್ನೆಗೆ ಸಿಕ್ಕ ಉತ್ತರ: ಆಧಾರವಿಲ್ಲದ ಭೂಮಿ ಬೀಳುವುದಿಲ್ಲವೇಕೆ? ಅನಾಕ್ಸಿಮಿನೀಸ್, ಅನಾಕ್ಸಗೊರಸ್, ಡೆಮಾಕ್ರಿಟಸ್ ಮೂವರೂ ಅದರ ಚಪ್ಪಟೆತನವನ್ನೇ ಕಾರಣವಾಗಿ ಕೊಟ್ಟರು ಎಂದು ಅರಿಸ್ಟಾಟಲ್ ದಾಖಲಿಸುತ್ತಾನೆ. ಅಗಲವಾದ ಭೂಮಿ ಕೆಳಗಿನ ಗಾಳಿಯನ್ನು ಸೀಳುವುದಿಲ್ಲ, ಮುಚ್ಚಳದಂತೆ ಅದರ ಮೇಲೆ ಕುಳಿತುಬಿಡುತ್ತದೆ ಎಂಬುದು ಅವರ ವಾದ. ಮಿಲೆಟಸ್‌ನ ಅನಾಕ್ಸಿಮ್ಯಾಂಡರ್ ಇನ್ನೂ ಜಾಣ. ಅವನ ಭೂಮಿ ಕಲ್ಲುಕಂಬದ ಒಂದು ತುಂಡು, ದಪ್ಪ ಅಗಲದ ಮೂರನೇ ಒಂದು ಪಾಲು. ಅದರ ಒಂದು ಮುಖದ ಮೇಲೆ ನಾವು. ಗಾಳಿಯ ಆಸರೆಯೂ ಅದಕ್ಕೆ ಬೇಡ. ಎಲ್ಲ ದಿಕ್ಕಿಗೂ ಸಮದೂರದಲ್ಲಿರುವ ವಸ್ತುವಿಗೆ ಇತ್ತ ಹೋಗಲು ಕಾರಣವಿಲ್ಲ, ಅತ್ತ ಹೋಗಲೂ ಕಾರಣವಿಲ್ಲ. ಹಾಗಾಗಿ ಅದು ಇದ್ದಲ್ಲೇ ಇರುತ್ತದೆ. ಅರಿಸ್ಟಾಟಲ್‌ಗೆ ಇದು ತಮಾಷೆಯಾಗಿ ಕಂಡಿತು. ಹಸಿವು ಬಾಯಾರಿಕೆ ಸಮಸಮವಾಗಿರುವವನು ಅನ್ನಕ್ಕೂ ನೀರಿಗೂ ನಡುವೆ ಕದಲದೆ ನಿಂತುಬಿಡಬೇಕಾದೀತು ಎಂದು ಅವನು ಕೆಣಕಿದ. ಆದರೂ ಕ್ರಿ.ಪೂ. ಆರನೆಯ ಶತಮಾನದಲ್ಲಿ ಭೂಮಿಯನ್ನು ಆಧಾರವಿಲ್ಲದೆ ಶೂನ್ಯದಲ್ಲಿ ನಿಲ್ಲಿಸಿದ ಧೈರ್ಯಕ್ಕೆ ಸಾಟಿ ಹುಡುಕುವುದು ಕಷ್ಟ. ಭೂಮಿ ಬಿಲ್ಲೆಯಲ್ಲ, ಚೆಂಡು ಎಂಬುದಕ್ಕೆ ಅರಿಸ್ಟಾಟಲ್ ಒದಗಿಸಿದ ಸಾಕ್ಷ್ಯ ಇಂದಿಗೂ ನಿಲ್ಲುವಂಥದ್ದು: ಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ನೆರಳಿನ ಅಂಚು ಯಾವಾಗಲೂ ಬಾಗಿದ್ದೇ, ಈಜಿಪ್ಟಿನಲ್ಲಿ ಕಾಣುವ ಕೆಲವು ನಕ್ಷತ್ರ ಉತ್ತರಕ್ಕೆ ಹೋದರೆ ಕಾಣುವುದಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಪ್ಲೇಟೊನ ‘ಫೀಡೊ’ ಸಂವಾದದಲ್ಲಿ ಸಾಯುವ ದಿನ ಸಾಕ್ರಟೀಸ್ ತನ್ನ ಯೌವನದ ಒಂದು ನಿರಾಸೆಯನ್ನು ಹೇಳಿಕೊಳ್ಳುತ್ತಾನೆ. ಅನಾಕ್ಸಗೊರಸ್‌ನ ಪುಸ್ತಕ ಕೈಗೆ ಬಂದಾಗ, ಭೂಮಿ ಚಪ್ಪಟೆಯೋ ‘ಸ್ತ್ರೊಂಗುಲೆ’ಯೋ, ಅದು ಹಾಗಿರುವುದೇ ಒಳ್ಳೆಯದು ಏಕೆ ಎಂಬುದು ತಿಳಿದೀತೆಂದು ಅವನು ಆಸೆಪಟ್ಟಿದ್ದ. ಸ್ತ್ರೊಂಗುಲೆ ಎಂದರೆ ದುಂಡಗಿನದು. ಚೆಂಡಿನಂತೆ ದುಂಡೋ ಬಿಲ್ಲೆಯಂತೆ ದುಂಡೋ? ಆ ಗ್ರೀಕ್ ಪದ ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ವಿದ್ವಾಂಸರು ಈ ಒಂದು ಪದದ ಮೇಲೆ ಲೇಖನಗಳನ್ನೇ ಬರೆದು ಕಾದಾಡಿದ್ದಾರೆ. ಲ್ಯಾಟಿನ್ನಿನ ‘ರೊಟುಂಡುಸ್’ ಕೂಡ ಹೀಗೇ. ಅದರ ವಂಶದ ಫ್ರೆಂಚ್ ರೋಂ, ಸ್ಪ್ಯಾನಿಷ್ ರೆದೋಂದೊ, ಜರ್ಮನ್ ರುಂಟ್, ಇಂಗ್ಲಿಷ್ ರೌಂಡ್ ಯಾವುದೂ ಬಾಯಿ ಬಿಡುವುದಿಲ್ಲ. ಕನ್ನಡದಲ್ಲೂ ಜೋಳದ ರೊಟ್ಟಿ ದುಂಡಗೆ, ರವೆ ಉಂಡೆಯೂ ದುಂಡಗೆ.

ಹಾಗಾಗಿ ಖಚಿತವಾಗಿ ಹೇಳಬೇಕೆಂದವರೆಲ್ಲ ವಿಶೇಷಣವನ್ನು ನಂಬದೆ ಒಂದು ವಸ್ತುವನ್ನು ಕೈಯಲ್ಲಿ ಎತ್ತಿ ತೋರಿಸಬೇಕಾಯಿತು. ಪ್ಲೇಟೊ ಅದೇ ಸಂವಾದದ ಕೊನೆಯಲ್ಲಿ ಹನ್ನೆರಡು ತುಂಡು ತೊಗಲು ಹೊಲಿದ ಚೆಂಡನ್ನು ತಂದ. 499ರಲ್ಲಿ ಆರ್ಯಭಟ ಸುತ್ತಲೂ ಕೇಸರ ಮುತ್ತಿದ ಕದಂಬದ ಹೂವನ್ನು ತೋರಿಸಿದ. ಹದಿಮೂರನೆಯ ಶತಮಾನದ ಫ್ರೆಂಚ್ ಕೃತಿ ‘ಇಮಾಜ್ ದ್ಯು ಮೋಂದ್’ ಸೇಬಿನ ಸುತ್ತ ನೊಣ ನಡೆದಂತೆ ಮನುಷ್ಯ ಭೂಮಿಯನ್ನು ಸುತ್ತಿ ಬರಬಹುದು ಎಂದಿತು. ಅದೇ ಶತಮಾನದ ನಾರ್ವೆಯ ‘ರಾಜದರ್ಪಣ’ ಮೇಣದ ಬತ್ತಿಯ ಮುಂದೆ ಸೇಬನ್ನು ತೂಗುಹಾಕಿತು.

ಈಗ ಧರ್ಮದ ಮಾತಿಗೆ ಬರಬೇಕು. ಬೈಬಲ್ಲಿನ ಯೆಶಾಯ ಗ್ರಂಥದ ನಲವತ್ತನೆಯ ಅಧ್ಯಾಯದಲ್ಲಿ ದೇವರು ಭೂಮಿಯ ‘ಹೂಗ್’ ಮೇಲೆ ಆಸೀನನಾಗಿದ್ದಾನೆ. ಈ ಹೀಬ್ರೂ ಪದಕ್ಕೆ ವೃತ್ತ ಎಂದರ್ಥ. ಜೆರೋಮ್ ಲ್ಯಾಟಿನ್ನಿಗೆ ತರುವಾಗ ‘ಗೀರುಸ್’, ಸುತ್ತು, ಎಂದ. ಲೂಥರ್ ‘ಕ್ರೈಸ್’ ಎಂದ. 1611ರ ಇಂಗ್ಲಿಷ್ ಅನುವಾದ ‘ಸರ್ಕಲ್’ ಎಂದಿತು. ಸ್ಪ್ಯಾನಿಷ್ ಪ್ರಾಟೆಸ್ಟಂಟರು ಬಳಸುವ ರೇಯ್ನಾ-ವಲೇರಾ ಅನುವಾದದ 1909ರ ಆವೃತ್ತಿಯಲ್ಲಿ ಅದು ‘ಗ್ಲೋಬೊ’, ಗೋಳ. 1960ರ ಪರಿಷ್ಕರಣದಲ್ಲಿ ಮತ್ತೆ ‘ಸಿರ್ಕುಲೊ’, ವೃತ್ತ. ಒಂದೇ ವಚನ, ಒಂದೇ ಸಮುದಾಯ. ಐವತ್ತು ವರ್ಷದಲ್ಲಿ ಗೋಳ ಹೋಗಿ ವೃತ್ತ ಬಂದದ್ದು ಭೂಮಿಯ ಬಗ್ಗೆ ಯಾರ ಅಭಿಪ್ರಾಯವೂ ಬದಲಾದದ್ದರಿಂದಲ್ಲ. ಮೂಲಕ್ಕೆ ನಿಷ್ಠರಾಗಿರಬೇಕೆಂದಷ್ಟೇ. ಇದೇ ವಚನವನ್ನು ಹಿಡಿದು, ಬೈಬಲ್ ಆಗಲೇ ಗೋಳವನ್ನು ಕಂಡಿತ್ತು ಎಂದು ಹೆಮ್ಮೆಪಡುವ ಭಕ್ತರೂ ಇದ್ದಾರೆ, ಬೈಬಲ್ ತಟ್ಟೆಯನ್ನೇ ಹೇಳುತ್ತದೆ ಎಂದು ನಗುವ ನಾಸ್ತಿಕರೂ ಇದ್ದಾರೆ. ಇಬ್ಬರೂ ಒಂದು ಪದದಿಂದ ಅದು ಕೊಡಲಾರದ್ದನ್ನು ಹಿಂಡುತ್ತಿದ್ದಾರೆ.

ಈ ಹಿಂಡಾಟದ ಅಪಾಯವನ್ನು ಬಹಳ ಹಿಂದೆಯೇ ಕಂಡವನು ಅಗಸ್ಟೀನ್. ಉತ್ತರ ಆಫ್ರಿಕಾದ ಈ ಬಿಷಪ್ ಐದನೆಯ ಶತಮಾನದ ಆರಂಭದಲ್ಲಿ ಬರೆದ ಆದಿಕಾಂಡದ ವ್ಯಾಖ್ಯಾನದಲ್ಲಿ ಪ್ರಶ್ನೆಯನ್ನು ನೇರವಾಗಿ ಇಡುತ್ತಾನೆ. ಆಕಾಶ ಗೋಳವಾಗಿ ಭೂಮಿಯನ್ನು ಎಲ್ಲ ಕಡೆಯಿಂದ ಆವರಿಸಿದೆಯೋ, ಅಥವಾ ‘ದಿಸ್ಕುಸ್’ನಂತೆ ಮೇಲಿನಿಂದ ಮುಚ್ಚಿದೆಯೋ? ಅವನ ಉತ್ತರ ವಿಶ್ವಾಸಿಗಳನ್ನು ಇಂದಿಗೂ ಕಸಿವಿಸಿಗೊಳಿಸಬಹುದು: ಅದರಿಂದ ನನಗೇನಾಗಬೇಕು ಎಂಬ ಧಾಟಿ. ಪವಿತ್ರ ಗ್ರಂಥ ಇದನ್ನು ಕಲಿಸಲು ಬಂದದ್ದಲ್ಲ, ಮೋಕ್ಷಕ್ಕೆ ಇದರ ಅಗತ್ಯವಿಲ್ಲ. ಅಷ್ಟಕ್ಕೇ ನಿಲ್ಲದೆ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತಾನೆ. ಲೆಕ್ಕ, ಅನುಭವಗಳಿಂದ ಪ್ರಕೃತಿಯನ್ನು ಬಲ್ಲ ಅನ್ಯಮತೀಯನೊಬ್ಬನ ಮುಂದೆ ಕ್ರೈಸ್ತನೊಬ್ಬ ಶಾಸ್ತ್ರದ ಹೆಸರಿನಲ್ಲಿ ಅಸಂಬದ್ಧ ಮಾತಾಡಿದರೆ, ನಗೆಪಾಟಲಾಗುವುದು ಅವನಲ್ಲ, ಶಾಸ್ತ್ರ. 1615ರಲ್ಲಿ ಗೆಲಿಲಿಯೊ ಡಚೆಸ್ ಕ್ರಿಸ್ತಿನಾಗೆ ಬರೆದ ಪತ್ರದಲ್ಲಿ ಗುರಾಣಿಯಂತೆ ಹಿಡಿದದ್ದು ಈ ವ್ಯಾಖ್ಯಾನವನ್ನೇ.

ಅಗಸ್ಟೀನನ ಈ ಎಚ್ಚರ ಇಲ್ಲದವರು ಅವನಿಗಿಂತ ಮುಂಚೆಯೂ ಆಮೇಲೂ ಇದ್ದರು. ನಾಲ್ಕನೆಯ ಶತಮಾನದ ಆರಂಭದ ಲಕ್ಟಾಂಶಿಯಸ್, ಕಾಲು ಮೇಲಾಗಿ ತಲೆ ಕೆಳಗಾಗಿ ನಡೆಯುವ ಜನರನ್ನು, ಮೇಲಕ್ಕೆ ಬೀಳುವ ಮಳೆಯನ್ನು ನಂಬುವವರಿದ್ದಾರೆಯೇ ಎಂದು ಗೇಲಿ ಮಾಡಿದ. ಬರಹಗಾರನಾಗಿ ಹೆಸರಾಂತ, ಖಗೋಳದಲ್ಲಿ ಮಗು ಎಂದು ಮುಂದೆ ಕೊಪರ್ನಿಕಸ್ ಪೋಪರಿಗೆ ಬರೆದ ಮುನ್ನುಡಿಯಲ್ಲೇ ಅವನ ಕಾಲೆಳೆದ.

ಇನ್ನೊಬ್ಬ ಕರಾವಳಿ ಕನ್ನಡಿಗರಿಗೆ ಹತ್ತಿರದವನು. ಆರನೆಯ ಶತಮಾನದ ಅಲೆಕ್ಸಾಂಡ್ರಿಯಾದ ವರ್ತಕ, ‘ಭಾರತಯಾತ್ರಿ’ ಎಂಬ ಅಡ್ಡಹೆಸರಿನ ಕಾಸ್ಮಾಸ್. ಅವನ ‘ಕ್ರೈಸ್ತ ಭೂವಿವರಣೆ’ಯಲ್ಲಿ ಪಶ್ಚಿಮ ತೀರದಿಂದ ಮೆಣಸು ರಫ್ತಾಗುವ ಬಂದರುಗಳ ಪಟ್ಟಿ ಇದೆ, ಅದರಲ್ಲಿನ ‘ಮಂಗರೂಥ್’ ನಮ್ಮ ಮಂಗಳೂರು. ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದ ‘ಕಲ್ಲಿಯಾನ’ವೂ ಅಲ್ಲಿ ಬರುತ್ತದೆ. ಅದು ಮುಂಬಯಿ ಬಳಿಯ ಕಲ್ಯಾಣ ಎನ್ನುವವರೇ ಹೆಚ್ಚು, ಉಡುಪಿ ಬಳಿಯ ಕಲ್ಯಾಣಪುರ ಎನ್ನುವವರೂ ಇದ್ದಾರೆ. ಮೆಣಸಿನ ವಿಷಯದಲ್ಲಿ ಇಷ್ಟು ಚುರುಕಾದ ಈ ವರ್ತಕ ಜಗತ್ತಿನ ಆಕಾರಕ್ಕೆ ಬಂದಾಗ ಅಳತೆಗೋಲು ಬಿಸಾಡಿ ಮೋಶೆಯ ದೇವದರ್ಶನ ಗುಡಾರವನ್ನು ಹಿಡಿದುಕೊಂಡ. ಗುಡಾರ ಜಗತ್ತಿನ ಪ್ರತಿರೂಪ. ಒಳಗಿನ ರೊಟ್ಟಿಯ ಮೇಜು ಭೂಮಿಯ ಪ್ರತಿರೂಪ. ಮೇಜಿನ ಉದ್ದ ಅಗಲದ ಎರಡರಷ್ಟು. ಆದ್ದರಿಂದ ಭೂಮಿಯೂ ಆಯತ, ಮೇಲೆ ಕಮಾನಿನ ಮುಚ್ಚಳ. ಅಂದರೆ ಕ್ರೈಸ್ತ ಲೋಕದಲ್ಲಿ ಚಪ್ಪಟೆ ಭೂಮಿಯನ್ನು ಎಲ್ಲರಿಗಿಂತ ಹಟದಿಂದ ಸಮರ್ಥಿಸಿದವನಿಗೆ ಬಿಲ್ಲೆಯೂ ಬೇಕಿರಲಿಲ್ಲ, ಅವನದು ಪೆಟ್ಟಿಗೆ. ಅದೇ ಊರಿನ ಕ್ರೈಸ್ತ ದಾರ್ಶನಿಕ ಜಾನ್ ಫಿಲೊಪೊನಸ್ ಅದೇ ಶತಮಾನದಲ್ಲಿ, ಸೃಷ್ಟಿಯ ಕಥೆಯನ್ನು ಒಪ್ಪಿಯೂ ಗೋಳವನ್ನು ಎತ್ತಿಹಿಡಿದ. ಒಂಬತ್ತನೆಯ ಶತಮಾನದಲ್ಲಿ ಕಾನ್‌ಸ್ಟಾಂಟಿನೋಪಲ್ಲಿನ ಫೋಷಿಯಸ್ ಕಾಸ್ಮಾಸನ ಪುಸ್ತಕವನ್ನು ಕಟ್ಟುಕತೆಯೆಂದು ಹೀಗಳೆದ. ಪಶ್ಚಿಮ ಯುರೋಪಿಗಂತೂ ಆ ಗ್ರೀಕ್ ಕೃತಿ ಲ್ಯಾಟಿನ್ನಿನಲ್ಲಿ ಅಚ್ಚಾಗಿ ದೊರೆತದ್ದು ಹದಿನೆಂಟನೆಯ ಶತಮಾನದಲ್ಲಿ.

ಹಾಗಾದರೆ ತಟ್ಟೆಯ ಅನುಮಾನ ಬಂದದ್ದೆಲ್ಲಿಂದ? ಬಹುಪಾಲು ಚಿತ್ರಗಳಿಂದ. ಸೆವಿಲ್ಲೆಯ ಬಿಷಪ್ ಇಸಿಡೋರ್ ಏಳನೆಯ ಶತಮಾನದಲ್ಲಿ ಬರೆದ ವಿಶ್ವಕೋಶದಲ್ಲಿ ‘ಓರ್ಬಿಸ್’ ಎಂಬ ಪದವನ್ನು ಗಾಲಿಗೆ ಹೋಲಿಸಿದ. ಅವನ ಕೃತಿಯ ಜೊತೆಗೆ ಸುತ್ತು ಬಂದ ನಕ್ಷೆ ಒಂದು ವೃತ್ತ, ಒಳಗೆ ಮೂರು ಪಾಲು: ಮೇಲೆ ಏಷ್ಯಾ, ಕೆಳಗೆ ಯುರೋಪ್ ಮತ್ತು ಆಫ್ರಿಕಾ. 1472ರಲ್ಲಿ ಆಗ್ಸ್‌ಬರ್ಗಿನಲ್ಲಿ ಅದು ಅಚ್ಚೂ ಆಯಿತು. ನೋಡಿದವರು ಇದೇ ಅವರ ಭೂಮಿ ಎಂದರು. ಆದರೆ ಮನುಷ್ಯರು ವಾಸಿಸುವ ಭಾಗವನ್ನಷ್ಟೇ ತೋರಿಸುವ ನಕ್ಷೆ ಇಡೀ ಭೂಮಿಯ ಚಿತ್ರವೆಂದು ಹೇಳಿದವರಾರು? ಇಂದಿನ ಶಾಲೆಯ ಗೋಡೆಯ ಮೇಲೆ ತೂಗುವ ಪ್ರಪಂಚದ ನಕ್ಷೆಯೂ ಚಪ್ಪಟೆ, ಆಯತ. ಇಸಿಡೋರನ ಮನಸ್ಸಿನಲ್ಲಿ ಗಾಲಿಯಿತ್ತೋ ಚೆಂಡಿತ್ತೋ ಎಂಬುದರ ಬಗ್ಗೆ ಪಂಡಿತರಲ್ಲಿ ಇಂದಿಗೂ ಒಮ್ಮತವಿಲ್ಲ. ಸಂಶಯದ ಲಾಭ ಅವನಿಗೇ ಹೋಗಲಿ ಎನ್ನಬಹುದಾದರೂ, ಆ ಗಾಲಿಯ ಹೋಲಿಕೆ ಅವನ ಪಕ್ಷಕ್ಕೆ ಒಳ್ಳೆಯದು ಮಾಡುವುದಿಲ್ಲ.

ಒಂದು ಶತಮಾನ ದಾಟುವುದರೊಳಗೆ ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ಇಂಗ್ಲೆಂಡಿನ ಉತ್ತರದ ಸನ್ಯಾಸಿ ಬೀಡ್ 725ರಲ್ಲಿ ಕಾಲಗಣನೆಯ ಬಗ್ಗೆ ಒಂದು ಪುಸ್ತಕ ಬರೆದ. ಈಸ್ಟರ್ ದಿನವನ್ನು ಸರಿಯಾಗಿ ಹಾಕುವುದು ಆ ಕಾಲದ ಮಠಗಳಿಗೆ ದೊಡ್ಡ ತಲೆನೋವು. ಅದಕ್ಕೆ ಹಗಲಿನ ಉದ್ದ ಊರಿಂದೂರಿಗೆ ಏಕೆ ಬದಲಾಗುತ್ತದೆಂದು ತಿಳಿಯಬೇಕಿತ್ತು. ಅಲ್ಲಿ ಬೀಡ್ ‘ಓರ್ಬಿಸ್’ ಪದವನ್ನೇ ಹಿಡಿದು ನಿಲ್ಲುತ್ತಾನೆ. ಈ ದುಂಡುತನ ಗುರಾಣಿಯದಲ್ಲ, ಚೆಂಡಿನದು, ಯಾವ ಕಡೆಯಿಂದ ನೋಡಿದರೂ ಸಮ ಎಂದು ಬಿಡಿಸಿ ಹೇಳುತ್ತಾನೆ. ಬಿಲ್ಲೆ ಮತ್ತು ಚೆಂಡಿನ ನಡುವಿನ ಗೊಂದಲ ಸಾಧ್ಯ ಎಂಬುದು ಅವನಿಗೆ ಗೊತ್ತಿತ್ತು. ಬಾಗಿಲು ಹಾಕಿಯೇ ಮುಂದೆ ಹೋದ. ಸುಮಾರು 1230ರಲ್ಲಿ ಪ್ಯಾರಿಸ್ಸಿನ ಸಾಕ್ರೊಬೊಸ್ಕೊ ಬರೆದ ಗೋಳದ ಪಠ್ಯಪುಸ್ತಕ ಮುಂದಿನ ನಾಲ್ಕು ನೂರು ವರ್ಷ ಯುರೋಪಿನ ವಿದ್ಯಾರ್ಥಿಗಳ ಕೈಯಲ್ಲಿತ್ತು.

ಥಾಮಸ್ ಅಕ್ವಿನಾಸ್ ಇದಕ್ಕಿಂತ ಸ್ವಾರಸ್ಯ. ಅವನ ‘ದೇವತಾಶಾಸ್ತ್ರ ಸಂಗ್ರಹ’ದ ಮೊದಲ ಪ್ರಶ್ನೆಯ ಮೊದಲ ವಿಭಾಗದಲ್ಲೇ ಭೂಮಿ ದುಂಡು ಎಂಬ ಮಾತು ಬರುತ್ತದೆ, ಬರೀ ಉದಾಹರಣೆಯಾಗಿ. ಖಗೋಳಜ್ಞ ಲೆಕ್ಕದಿಂದ, ಭೌತಶಾಸ್ತ್ರಿ ವಸ್ತುವಿನ ಗುಣದಿಂದ ಒಂದೇ ತೀರ್ಮಾನಕ್ಕೆ ಬರುವಂತೆ, ದೇವರ ಬಗ್ಗೆ ತತ್ತ್ವಜ್ಞಾನವೂ ಶ್ರುತಿಯೂ ಬೇರೆಬೇರೆ ದಾರಿಯಲ್ಲಿ ಮಾತಾಡಬಹುದು ಎಂಬುದು ಅವನ ವಾದ. ವಾದದ ಉದಾಹರಣೆಗೆ ಜನ ಬಳಸುವುದು ಎಲ್ಲರೂ ಒಪ್ಪಿರುವುದನ್ನು.

ಇನ್ನು ಕಣ್ಣಿಗೆ ಕಾಣುವ ಪುರಾವೆ. ಐದನೆಯ ಶತಮಾನದಿಂದ ಕ್ರೈಸ್ತ ಚಕ್ರವರ್ತಿಗಳ ನಾಣ್ಯಗಳಲ್ಲಿ ಅವರ ಕೈಯಲ್ಲಿರುವುದು ಶಿಲುಬೆ ನೆಟ್ಟ ಒಂದು ಗೋಳ. ಜರ್ಮನರು ಅದನ್ನು ‘ಸಾಮ್ರಾಜ್ಯದ ಸೇಬು’ ಎಂದರು. 1492ರ ಸುಮಾರಿಗೆ, ಕೊಲಂಬಸ್ ಇನ್ನೂ ಹಿಂದಿರುಗುವ ಮೊದಲೇ, ಮಾರ್ಟಿನ್ ಬೆಹೈಮ್ ನ್ಯೂರೆಂಬರ್ಗಿನಲ್ಲಿ ಮಾಡಿಸಿದ ಭೂಗೋಳದ ಹೆಸರು ‘ಭೂಸೇಬು’. ಇಂದು ಉಳಿದಿರುವ ಭೂಗೋಳಗಳಲ್ಲಿ ಅದೇ ಅತ್ಯಂತ ಹಳೆಯದು. (ಅದೇ ಪದಕ್ಕೆ ಆಸ್ಟ್ರಿಯಾದ ತರಕಾರಿ ಅಂಗಡಿಯಲ್ಲಿ ಈಗ ಆಲೂಗಡ್ಡೆ ಸಿಗುತ್ತದೆ.)

ಚರ್ಚಿಗೆ ನಿಜವಾಗಿ ಕಾಲುತೊಡರಿದ್ದು ಆಕಾರವಲ್ಲ, ಆಚೆ ಬದಿಯ ಜನ. ಭೂಮಿ ಚೆಂಡೇ ಆಗಿದ್ದರೂ ಆಚೆ ಬದಿಯಲ್ಲಿ ಮನುಷ್ಯರಿದ್ದಾರೆಂದು ಅದರಿಂದ ಸಿದ್ಧವಾಗುವುದಿಲ್ಲ ಎಂದು ಅಗಸ್ಟೀನ್ ‘ದೇವನಗರ’ದಲ್ಲಿ ಬರೆದ. ಇದ್ದರೆ ಅವರು ಆದಾಮನ ಸಂತತಿಯಾಗಿರಬೇಕು. ಅಷ್ಟು ದೊಡ್ಡ ಸಾಗರ ದಾಟಿ ಅವರು ಹೋದದ್ದು ಹೇಗೆ? ಆದಾಮನ ಸಂತತಿಯಲ್ಲದಿದ್ದರೆ ಅವರಿಗೆ ಮೂಲಪಾಪ ಎಲ್ಲಿಂದ, ವಿಮೋಚನೆ ಹೇಗೆ? 748ರಲ್ಲಿ ಪೋಪ್ ಜಕಾರಿ, ಭೂಮಿಯ ಕೆಳಗೆ ಬೇರೆ ಲೋಕ, ಬೇರೆ ಜನ ಇದ್ದಾರೆಂದು ಬೋಧಿಸುತ್ತಿದ್ದಾನೆ ಎಂಬ ದೂರಿನ ಮೇಲೆ ವರ್ಜಿಲ್ ಎಂಬ ಐರಿಷ್ ಪಾದ್ರಿಯ ವಿರುದ್ಧ ಕಟುವಾಗಿ ಬರೆದ. ಆ ವರ್ಜಿಲ್ ಮುಂದೆ ಸಾಲ್ಜ್‌ಬರ್ಗಿನ ಬಿಷಪ್ ಆದ, 1233ರಲ್ಲಿ ಸಂತನೂ ಆದ. ಮನುಷ್ಯಕುಲ ಒಂದೇ ಎಂಬ ಹಟದಿಂದ ಹುಟ್ಟಿದ ಅನುಮಾನ ಇದು. ಅಮೆರಿಕದ ಮೂಲನಿವಾಸಿಗಳು ಎದುರಾದಾಗ ಅದೇ ಹಟ, ಅವರೂ ಪೂರ್ತಿ ಮನುಷ್ಯರೆಂದು ವಾದಿಸಿದ ಪಾದ್ರಿಗಳ ಕೈಗೆ ಆಯುಧವಾಯಿತು.

ತಟ್ಟೆಯ ಕಥೆ ತಯಾರಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1828ರಲ್ಲಿ ಅಮೆರಿಕದ ಕಥೆಗಾರ ವಾಷಿಂಗ್ಟನ್ ಇರ್ವಿಂಗ್ ಕೊಲಂಬಸ್ಸನ ಚರಿತ್ರೆ ಬರೆದ. ಸಾಲಮಾಂಕಾದಲ್ಲಿ ಧರ್ಮಗುರುಗಳು ಲಕ್ಟಾಂಶಿಯಸ್‌ನನ್ನು ಮುಂದೆ ಮಾಡಿ ಗೋಳವನ್ನು ಅಲ್ಲಗಳೆದಂತೆ, ನಾವಿಕ ಒಬ್ಬನೇ ಅವರನ್ನು ಎದುರಿಸಿದಂತೆ ಒಂದು ದೃಶ್ಯವನ್ನು ಸೃಷ್ಟಿಸಿದ. ನಿಜವಾದ ಜಗಳ ಇದ್ದದ್ದು ಸುತ್ತಳತೆಯ ಮೇಲೆ. ಕೊಲಂಬಸ್ ಭೂಮಿಯನ್ನು ತುಂಬ ಚಿಕ್ಕದಾಗಿ ಲೆಕ್ಕ ಹಾಕಿದ್ದ. ಏಷ್ಯಾ ಅಷ್ಟು ಹತ್ತಿರವಿಲ್ಲ ಎಂದ ವಿದ್ವಾಂಸರದ್ದೇ ಸರಿಯಾಗಿತ್ತು, ಅಮೆರಿಕ ಅಡ್ಡ ಬಂದದ್ದರಿಂದ ಅವನು ಬದುಕಿದ. 1874ರಲ್ಲಿ ಡ್ರೇಪರ್, 1896ರಲ್ಲಿ ವೈಟ್ ಧರ್ಮಕ್ಕೂ ವಿಜ್ಞಾನಕ್ಕೂ ಅನಾದಿ ಯುದ್ಧ ನಡೆದಿದೆ ಎಂಬ ದೊಡ್ಡ ಪುಸ್ತಕಗಳನ್ನು ಬರೆದಾಗ ಲಕ್ಟಾಂಶಿಯಸ್, ಕಾಸ್ಮಾಸ್ ಇಬ್ಬರೂ ಮುಂದಿನ ಸಾಲಿಗೆ ಬಂದರು. ಭೂಮಿಯ ಅಂಚಿನಲ್ಲಿ ಮಂಡಿಯೂರಿ ಆಕಾಶದ ಪರದೆಯಿಂದ ತಲೆ ಹೊರಚಾಚಿದ ಯಾತ್ರಿಕನ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಮಧ್ಯಯುಗದ್ದೆಂದು ನಂಬಲಾಗುವ ಆ ಚಿತ್ರ ಕಾಣಿಸಿಕೊಂಡದ್ದು 1888ರಲ್ಲಿ, ಫ್ರೆಂಚ್ ಖಗೋಳಜ್ಞ ಫ್ಲಮ್ಮಾರಿಯೋನ್‌ನ ಜನಪ್ರಿಯ ಪುಸ್ತಕವೊಂದರಲ್ಲಿ.

ಉತ್ತರ ಧ್ರುವ ನಡುವೆ, ಸುತ್ತ ಮಂಜಿನ ಗೋಡೆ ಇರುವ ಬಿಲ್ಲೆಭೂಮಿಯನ್ನು ಬೈಬಲ್ಲಿನ ಹೆಸರಿನಲ್ಲಿ ಪ್ರಚಾರ ಮಾಡಿದವರೂ ಮಧ್ಯಯುಗದವರಲ್ಲ, ವಿಕ್ಟೋರಿಯಾ ಕಾಲದ ಇಂಗ್ಲಿಷರು. ಸ್ಯಾಮ್ಯುಯೆಲ್ ರೋಬಾಥಮ್ 1849ರಲ್ಲಿ ಅದರ ಕರಪತ್ರ ಹೊರಡಿಸಿದ. ಅವನ ಅನುಯಾಯಿ ಜಾನ್ ಹ್ಯಾಂಪ್ಡನ್ 1870ರಲ್ಲಿ ಕಟ್ಟಿದ 500 ಪೌಂಡ್ ಪಂಥವನ್ನು ವಿಕಾಸವಾದಿ ಆಲ್ಫ್ರೆಡ್ ವಾಲೇಸ್ ಬೆಡ್‌ಫರ್ಡ್ ಕಾಲುವೆಯ ಮೇಲೆ ಅಳತೆ ಮಾಡಿ ಗೆದ್ದ. ಸೋತವನು ಸೋಲೊಪ್ಪದೆ ವರ್ಷಗಟ್ಟಲೆ ಅವನನ್ನು ನಿಂದಿಸಿ, ಅದಕ್ಕಾಗಿ ಜೈಲಿಗೂ ಹೋಗಿಬಂದ. ಈ ಇಡೀ ಪ್ರಹಸನವನ್ನು ತಲೆಕೆಳಗು ಮಾಡಿದವನು ಟೆರ್ರಿ ಪ್ರಾಚೆಟ್. 1992ರ ‘ಸ್ಮಾಲ್ ಗಾಡ್ಸ್’ ಕಾದಂಬರಿಯಲ್ಲಿ ಲೋಕ ನಿಜವಾಗಿಯೂ ಬಿಲ್ಲೆ, ಆನೆಗಳ ಮೇಲೆ, ಆಮೆಯ ಬೆನ್ನಿನ ಮೇಲೆ. ಅಲ್ಲಿನ ಮಠ ಮಾತ್ರ ಲೋಕ ಗೋಳವೆಂದು ಸಾಧಿಸುತ್ತದೆ, ಬಿಲ್ಲೆ ಎಂದವರನ್ನು ಹಿಂಸಿಸುತ್ತದೆ. ಆಕಾರ ಯಾವುದಾದರೇನು, ಬಲವಂತ ಬಲವಂತವೇ ಎಂಬುದನ್ನು ಅವನಷ್ಟು ನಗಿಸಿ ಹೇಳಿದವರು ಕಡಿಮೆ.

ಚರ್ಚಿನ ಲೆಕ್ಕದಲ್ಲಿ ತೀರಿಸಬೇಕಾದ ಸಾಲ ಬೇಕಾದಷ್ಟಿದೆ. 1633ರಲ್ಲಿ ಗೆಲಿಲಿಯೊನನ್ನು ಮಂಡಿಯೂರಿಸಿದ್ದು ನಿಜ, ಆದರೆ ಅಲ್ಲಿ ವಿವಾದ ಇದ್ದದ್ದು ಭೂಮಿಯ ಚಲನೆಯ ಬಗ್ಗೆ. ಅದರ ಆಕಾರದಲ್ಲಿ ನ್ಯಾಯಾಧೀಶರಿಗೂ ಆರೋಪಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಭೂಮಿ ಚಪ್ಪಟೆಯೆಂದು ನಂಬಿದ್ದ ಯುರೋಪಿಗೆ ಕೊಲಂಬಸ್ ಕಣ್ಣು ತೆರೆಸಿದ ಎಂಬ ಪಾಠವನ್ನು ಮಕ್ಕಳಿಗೆ ಹೇಳುವ ಮೇಷ್ಟರುಗಳು ಇನ್ನಾದರೂ ಅದನ್ನು ಕೈಬಿಟ್ಟು, ಅದಕ್ಕಿಂತ ಏಳೂವರೆ ಶತಮಾನ ಹಿಂದಿನ ಬೀಡ್‌ನಿಂದ ಪಾಠ ಶುರುಮಾಡಲಿ.